ವಿದ್ಯಾರ್ಥಿಗಳ ವ್ಯಾಸಂಗವೂ ಕಾಲವಿನಿಯೋಗವೂ
(ಮಹೋತ್ಸವದ ವಿದ್ಯಾರ್ಥಿ ಸಮ್ಮೇಲನದಲ್ಲಿ ಮಾಡಿದ ಭಾಷಣ)

 

ವಿದ್ಯಾರ್ಥಿಗಳನ್ನು ಕುರಿತು ನಾಲ್ಕು ಮಾತುಗಳನ್ನಾಡಬೇಕೆಂದು ನನಗೆ ಅಪ್ಪಣೆಯಾಗಿದೆ. ವಿನಯ, ಶಿಸ್ತು, ಗುರುಭಕ್ತಿಗಳ ವಿಷಯವಾಗಿ ನನಗಿಂತ ಬಲ್ಲವರು ಈ ವೇದಿಕೆಯಿಂದ ಈಗಾಗಲೇ ಮಾತನಾಡಿರುವರು. ನಾನು ಎತ್ತಿಕೊಂಡಿರುವುದು ಅವುಗಳ ಮುಂದೆ ಸಣ್ಣದಾಗಿ ತೋರತಕ್ಕ ಸಂಗತಿ: ಓದುವ ಹುಡುಗನು ತನ್ನ ದಿನದ ತಾಸುಗಳನ್ನು ಹೇಗೆ ಬಳಸುತ್ತಾನೆ, ಅವು ಎಲ್ಲಿ ಸೋರಿಹೋಗುತ್ತವೆ ಎಂಬುದು.

ಪ್ರಸಾದನಿಲಯಗಳಿಗೆ ಬರುವ ಮಕ್ಕಳಲ್ಲಿ ಎಷ್ಟೋ ಮಂದಿ ತಮ್ಮ ಮನೆತನದಲ್ಲಿ ಮೊಟ್ಟಮೊದಲು ಪ್ರೌಢಶಾಲೆಯ ಮೆಟ್ಟಿಲು ಹತ್ತಿದವರು. ಹೀಗೆ ಓದಬೇಕೆಂದು ತೋರಿಸಿಕೊಡುವವರು ಅವರ ಮನೆಯಲ್ಲಿಲ್ಲ. ಅಂತಹ ಹುಡುಗನು ರಾತ್ರಿ ಹನ್ನೊಂದರವರೆಗೆ ಪುಸ್ತಕದ ಮುಂದೆ ಕುಳಿತು, ಪರೀಕ್ಷೆಯಲ್ಲಿ ಸೋತುಬಂದರೆ, ಓದಿದ ಬಗೆ ತಪ್ಪಾಯಿತೆಂದು ಅವನಿಗೆ ಹೊಳೆಯುವುದಿಲ್ಲ. ತಾನೇ ದಡ್ಡನೆಂದು ತಿಳಿದುಕೊಳ್ಳುತ್ತಾನೆ. ತಂದೆಯೂ "ಇವನಿಗೆ ವಿದ್ಯೆ ಹತ್ತಲಿಲ್ಲ" ಎಂದು ಹೊಲಕ್ಕೆ ಕರೆದುಕೊಂಡು ಹೋಗುತ್ತಾನೆ. ಒಕ್ಕಲುತನವು ಹೀನವೆಂದು ನಾನು ಹೇಳತಕ್ಕವನಲ್ಲ. ಆದರೆ ಒಂದು ಸುಳ್ಳು ತೀರ್ಪಿನಿಂದ ಹುಡುಗನೊಬ್ಬನ ಶಾಲೆ ಮುಗಿದುಹೋಗುವುದನ್ನು ಸುಮ್ಮನೆ ನೋಡುತ್ತಿರಬಾರದು.

ನಮ್ಮ ಮಕ್ಕಳು ಓದುವ ಬಗೆಯನ್ನು ಸ್ವಲ್ಪ ನೋಡೋಣ. ಪಾಠವನ್ನು ಒಂದು ಸಲ ಓದುತ್ತಾರೆ, ಎರಡನೆಯ ಸಲ ಓದುತ್ತಾರೆ, ಮುಖ್ಯವೆಂದು ತೋರಿದ ಸಾಲುಗಳ ಕೆಳಗೆ ಗೆರೆ ಎಳೆಯುತ್ತಾರೆ. ಕೆಲವರ ಪುಸ್ತಕದಲ್ಲಿ ಗೆರೆಯಿಲ್ಲದ ಸಾಲನ್ನು ಹುಡುಕಬೇಕು! ಮೂರನೆಯ ಸಲ ಓದುವಾಗ ಎಲ್ಲವೂ ಪರಿಚಿತವಾಗಿ ಕಾಣುತ್ತದೆ. ಆ ಪರಿಚಯವನ್ನೇ ಅವರು ಜ್ಞಾನವೆಂದು ಭ್ರಮಿಸುತ್ತಾರೆ. ದಿನವೂ ಬೀದಿಯಲ್ಲಿ ಕಾಣುವ ಮನುಷ್ಯನ ಮುಖವು ನಮಗೆ ಗೊತ್ತಿದ್ದರೂ ಅವನ ಹೆಸರನ್ನು ಕೇಳಿದರೆ ಬಾಯಿ ಕಟ್ಟುವುದಿಲ್ಲವೇ? ಪರೀಕ್ಷೆಯು ಕೇಳುವುದು ಹೆಸರನ್ನು.

ಈ ಭ್ರಮೆಯನ್ನು ಅಳೆದು ತೋರಿಸಿದವರಿದ್ದಾರೆ. ಅಮೆರಿಕಾದ ಸೇಂಟ್ ಲೂಯಿಸ್ ನಗರದಲ್ಲಿರುವ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ರೋಡಿಗರ್ ಮತ್ತು ಕಾರ್ಪಿಕೆ ಎಂಬ ಇಬ್ಬರು ಮನಶ್ಶಾಸ್ತ್ರಜ್ಞರು 2006ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದರು. ವಿದ್ಯಾರ್ಥಿಗಳ ಒಂದು ಗುಂಪು ಒಂದು ಗದ್ಯಭಾಗವನ್ನು ನಾಲ್ಕು ಅವಧಿಗಳಲ್ಲಿಯೂ ಓದಿತು. ಇನ್ನೊಂದು ಗುಂಪು ಮೊದಲ ಅವಧಿಯಲ್ಲಿ ಮಾತ್ರ ಓದಿ, ಉಳಿದ ಮೂರರಲ್ಲಿ ಪುಸ್ತಕವಿಲ್ಲದೆ ನೆನಪಿಗೆ ಬಂದುದನ್ನು ಬರೆಯಿತು. ಐದು ನಿಮಿಷಗಳ ತರುವಾಯ ಪರೀಕ್ಷಿಸಿದಾಗ ಓದಿದವರೇ ಮುಂದಿದ್ದರು. ಅವರು ನೂರಕ್ಕೆ 83 ಭಾಗವನ್ನೂ, ಬರೆದವರು 71 ಭಾಗವನ್ನೂ ಹೇಳಿದರು. ಒಂದು ವಾರದ ತರುವಾಯ ಲೆಕ್ಕವು ತಲೆಕೆಳಗಾಯಿತು. ನಾಲ್ಕು ಅವಧಿಗಳಲ್ಲಿಯೂ ಓದಿದವರಲ್ಲಿ ಉಳಿದದ್ದು 40, ನೆನೆದು ಬರೆದವರಲ್ಲಿ 61. ಇದಕ್ಕಿಂತ ವಿಚಾರಾರ್ಹವಾದುದು ಇನ್ನೊಂದಿದೆ. ನಿಮಗೆ ಎಷ್ಟು ನೆನಪುಳಿದೀತೆಂದು ಮೊದಲೇ ಕೇಳಿದಾಗ ಹೆಚ್ಚಿನ ಭರವಸೆಯಿಂದ ಉತ್ತರಿಸಿದವರು ಓದುತ್ತಲೇ ಇದ್ದವರು!

ನೆನೆದು ಒಪ್ಪಿಸುವ ಈ ಕ್ರಮವು ನಮಗೆ ಹೊಸದೇನೂ ಅಲ್ಲ. ಕೂಲಿಮಠ, ಐಗಳ ಮಠ ಎಂದು ಕರೆಯಲ್ಪಡುತ್ತಿದ್ದ ನಮ್ಮ ಹಳೆಯ ಹಳ್ಳಿಯ ಶಾಲೆಗಳಲ್ಲಿ ಮಕ್ಕಳ ಕೈಗೆ ಅಚ್ಚಿನ ಪುಸ್ತಕವಿರಲಿಲ್ಲ. ಮರಳಿನ ಮೇಲೆ ಬೆರಳಿನಿಂದ ತಿದ್ದುವುದು, ಕಡತದ ಮೇಲೆ ಬಳಪದಿಂದ ಬರೆಯುವುದು, ಸಂಜೆ ಸಾಲಾಗಿ ನಿಂತು ಮಗ್ಗಿಯನ್ನು ಒಪ್ಪಿಸುವುದು ಇವೇ ಅಲ್ಲಿಯ ಅಭ್ಯಾಸಗಳು. ಕಾಲು, ಅರೆ, ಮುಕ್ಕಾಲುಗಳ ಮಗ್ಗಿಯೂ ಬಾಯಿಗೆ ಬರಬೇಕಾಗಿತ್ತು. ಅರ್ಥವನ್ನು ಬಿಟ್ಟು ಗಿಳಿಪಾಠ ಮಾಡಿಸಿದರೆಂಬ ದೂರು ಆ ಶಾಲೆಗಳ ಮೇಲಿದೆ. ಅದು ಬಹುಮಟ್ಟಿಗೆ ನಿಜ. ಆದರೆ ಆ ದೂರನ್ನು ಹೊತ್ತುಕೊಂಡು ನಾವು ಒಪ್ಪಿಸುವ ಪದ್ಧತಿಯನ್ನೇ ಹೊರಗೆ ಎಸೆದೆವು. ಅರ್ಥ ತಿಳಿದು ಓದಿ, ಪುಸ್ತಕ ಮುಚ್ಚಿ, ಸ್ವಂತ ಮಾತಿನಲ್ಲಿ ಒಪ್ಪಿಸುವುದಕ್ಕೆ ಯಾರ ಅಡ್ಡಿಯಿದೆ?

ಇನ್ನು ಕಾಲದ ಮಾತು. ದಿನವೂ ಸ್ವಲ್ಪ ಸ್ವಲ್ಪ ಓದುವವರು ಕೆಲವರು. ಪರೀಕ್ಷೆಯ ಹೊತ್ತಿಗೆ ಹಗಲಿರುಳು ಒಂದು ಮಾಡುವವರು ಬಹಳ ಜನ. ಜರ್ಮನಿಯ ಹರ್ಮನ್ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಮರೆತು, ಮತ್ತೆ ಕಲಿತು, ಆ ಲೆಕ್ಕವನ್ನೆಲ್ಲ 1885ರಲ್ಲಿ ಪುಸ್ತಕವಾಗಿ ಪ್ರಕಟಿಸಿದನು. ಹಿಂದಿನ ದಿನ ಒಂದೇ ಸಮನೆ 68 ಸಲ ಹೇಳಿಕೊಂಡುದರಿಂದ ಬಂದ ಫಲವು, ಮೂರು ದಿನಗಳಲ್ಲಿ ಹಂಚಿಕೊಂಡು 38 ಸಲ ಹೇಳಿಕೊಂಡುದರಿಂದಲೂ ಬಂದಿತೆಂದು ಅವನು ಕಂಡನು. ನಡುವೆ ಸ್ವಲ್ಪ ಮರೆವು ಬಂದು, ಮತ್ತೆ ಪ್ರಯತ್ನದಿಂದ ನೆನೆದಾಗಲೇ ವಿಷಯವು ಬೇರೂರುತ್ತದೆ. ಕಡೆಯ ರಾತ್ರಿ ಓದುವವನಿಗೆ ಏನೂ ಸಿಕ್ಕದೆಂದು ನಾನು ಹೇಳುವುದಿಲ್ಲ. ಮರುದಿನದ ಪರೀಕ್ಷೆಗೆ ಸಿಕ್ಕೀತು. ಮುಂದಿನ ತರಗತಿಗೆ ಅದು ಒದಗುವುದಿಲ್ಲ. ಗಣಿತದಲ್ಲಂತೂ ಈ ಸಾಲವು ವರ್ಷದಿಂದ ವರ್ಷಕ್ಕೆ ಬೆಳೆಯುತ್ತಾ ಹೋಗುತ್ತದೆ.

ಈ ಮಾತನ್ನು ಮುಖ್ಯವಾಗಿ ಮನೆಯಿಂದ ಓದುವ ಹೆಣ್ಣುಮಕ್ಕಳಿಗಾಗಿ ಹೇಳುತ್ತಿದ್ದೇನೆ. ನೀರು ತರುವುದು, ಪಾತ್ರೆ ತಿಕ್ಕುವುದು, ತಮ್ಮಂದಿರನ್ನು ನೋಡಿಕೊಳ್ಳುವುದು ಇವೆಲ್ಲ ಮುಗಿದ ಮೇಲೆ ಅವರಿಗೆ ಮೂರು ತಾಸುಗಳ ಅಖಂಡ ಕಾಲವು ಎಲ್ಲಿಂದ ಬರಬೇಕು? ಮನೆಯ ಕೆಲಸವನ್ನು ಅಣ್ಣತಮ್ಮಂದಿರೂ ಹಂಚಿಕೊಳ್ಳಬೇಕಾದುದು ನ್ಯಾಯ. ತಾಯಂದಿರು ಇದನ್ನು ದಯವಿಟ್ಟು ಗಮನಿಸಬೇಕು. ಆದರೆ ಅದುವರೆಗೆ ಆ ಹುಡುಗಿಯು ಎದೆಗುಂದಬೇಕಾಗಿಲ್ಲ. ಇಪ್ಪತ್ತು ನಿಮಿಷ ಓದಿ, ಪಾತ್ರೆ ತಿಕ್ಕುವಾಗ ಅದನ್ನೇ ಮನಸ್ಸಿನಲ್ಲಿ ಒಪ್ಪಿಸಿಕೊಂಡು, ಎಲ್ಲಿ ತಡೆಯಿತೆಂದು ಮತ್ತೆ ಬಂದು ಪುಸ್ತಕ ತೆರೆದು ನೋಡಿದರೆ, ಅಣ್ಣನ ಮೂರು ತಾಸುಗಳ ಓದಿಗೆ ಅವಳ ಓದು ಕಡಮೆಯಾಗದು.

ವೇಳಾಪಟ್ಟಿಗಳ ವಿಷಯವಾಗಿ ಒಂದು ಮಾತು. ಗೋಡೆಯ ಮೇಲೆ ಬಣ್ಣಬಣ್ಣದ ವೇಳಾಪಟ್ಟಿಯನ್ನು ಅಂಟಿಸಿ ಮೂರನೆಯ ದಿನ ಅದನ್ನು ಕೈಬಿಡುವುದು ನಮ್ಮ ಹುಡುಗರಲ್ಲಿ ವಾಡಿಕೆ. ಇದು ಸೋಮಾರಿತನವೇ ಆಗಬೇಕೆಂದಿಲ್ಲ. ಕೆನಡಾ ದೇಶದಲ್ಲಿ ಪ್ರಬಂಧ ಬರೆಯುತ್ತಿದ್ದ ವಿದ್ಯಾರ್ಥಿಗಳನ್ನು, ಮುಗಿಸಲು ಎಷ್ಟು ದಿನ ಬೇಕೆಂದು ಸಂಶೋಧಕರು ಕೇಳಿದರು. ಸರಾಸರಿ 34 ದಿನಗಳೆಂಬ ಉತ್ತರ ಬಂದಿತು. ಹಿಡಿದದ್ದು ಸುಮಾರು 55 ದಿನ. ಈ ವಿವರವು 1994ರಲ್ಲಿ ಪ್ರಕಟವಾಯಿತು. ಮನುಷ್ಯನು ಮುಂದಿನ ಕೆಲಸವನ್ನು ಯಾವಾಗಲೂ ಸುಲಭವೆಂದೇ ಎಣಿಸುತ್ತಾನೆ. ಆದುದರಿಂದ ಹಿಂದಿನ ಪಾಠಕ್ಕೆ ವಾಸ್ತವವಾಗಿ ಎಷ್ಟು ಹೊತ್ತು ಹಿಡಿಯಿತೋ ಅದನ್ನು ಬರೆದಿಟ್ಟುಕೊಂಡು ಅದರ ಮೇಲೆ ಪಟ್ಟಿ ಮಾಡಿರಿ. ವಾರದಲ್ಲಿ ಒಂದು ಸಂಜೆಯನ್ನು ಖಾಲಿಯಾಗಿ ಬಿಡಿರಿ.

ಬೆಳಗಿನ ಜಾವದಲ್ಲಿಯೇ ಓದಬೇಕೆಂದು ಹಿರಿಯರು ಹೇಳುವರು. ಬೇಗ ಮಲಗಿದವನಿಗೆ ಅದು ಒಳ್ಳೆಯದೇ. ಆದರೆ 13ರಿಂದ 18 ವರ್ಷದವರಿಗೆ 8ರಿಂದ 10 ತಾಸು ನಿದ್ರೆ ಬೇಕೆಂದು ವೈದ್ಯರು ಹೇಳುತ್ತಾರೆ. ಹದಿಹರೆಯದಲ್ಲಿ ನಿದ್ರೆ ಬರುವ ಹೊತ್ತೂ ತಾನಾಗಿಯೇ ತಡವಾಗುತ್ತದೆ. ಹನ್ನೊಂದಕ್ಕೆ ಮಲಗಿದ ಹುಡುಗನನ್ನು ನಾಲ್ಕಕ್ಕೆ ಎಬ್ಬಿಸಿದರೆ ಅವನು ಓದುವುದಿಲ್ಲ, ತೂಕಡಿಸುತ್ತಾನೆ. ಓದಿದುದು ನೆಲೆಗೊಳ್ಳುವುದೂ ನಿದ್ರೆಯಲ್ಲಿಯೇ. ಮೊಬೈಲಿನ ಮಾತನ್ನು ಹೆಚ್ಚು ಬೆಳೆಸುವುದಿಲ್ಲ. ಓದುವಾಗ ಅದು ಇನ್ನೊಂದು ಕೋಣೆಯಲ್ಲಿರಲಿ.

ಕಡೆಯದಾಗಿ ನಿಲಯದ ಮೇಲ್ವಿಚಾರಕರಲ್ಲಿ ಒಂದು ಬಿನ್ನಹ. ಸಂಜೆಯ ಓದಿನ ಕೊನೆಯ ಕಾಲು ತಾಸಿಗೆ ಬೇರೊಂದು ಗಂಟೆ ಹೊಡೆಯಿಸಬೇಕು. ಆ ಗಂಟೆಗೆ ಎಲ್ಲರೂ ಪುಸ್ತಕ ಮುಚ್ಚಿ, ಆ ದಿನ ಓದಿದುದನ್ನು ಒಂದು ಹಾಳೆಯಲ್ಲಿ ಬರೆಯಲಿ. ಬಳಿಕ ಪುಸ್ತಕ ತೆರೆದು ತಾವೇ ತಿದ್ದಿಕೊಳ್ಳಲಿ. ಅದಕ್ಕೆ ಅಂಕಗಳು ಬೇಡ, ಗದರಿಕೆ ಬೇಡ. ಮೂರು ದಿನಗಳ ಬಳಿಕ ಅದೇ ಪಾಠವನ್ನು ಇನ್ನೊಮ್ಮೆ ಬರೆಯಿಸಿದರೆ ಸಾಕು. ವೆಚ್ಚದ ಚಿಂತೆಯೂ ಇಲ್ಲ; ಈ ಮಹೋತ್ಸವಕ್ಕಾಗಿ ಅಚ್ಚುಹಾಕಿಸಿ ಉಳಿದಿರುವ ಕರಪತ್ರಗಳ ಹಿಂಬದಿಯು ಖಾಲಿಯಾಗಿಯೇ ಇದೆ.