ಮನೆಯ ನೆರವು, ಶಾಲೆಯ ಗೆಲುವು



ಮಕ್ಕಳ ಓದಿಗೆ ಪಾಲಕರು ಹೇಗೆ ನೆರವಾಗಬೇಕು ಎಂಬ ಮಾತು ಸಾಮಾನ್ಯವಾಗಿ ಪಾಲಕರ ಸಭೆಯಲ್ಲಿ ಬರುತ್ತದೆ. ಇಂದು ಅದನ್ನು ನಿಮ್ಮ ಮುಂದೆಯೇ ಇಡುತ್ತಿದ್ದೇನೆ. ಏಕೆಂದರೆ ಹೈಸ್ಕೂಲು ಸೇರಿದ ಮೇಲೆ ನಿಮಗೆ ಏನು ಬೇಕೆಂಬುದು ನೀವು ಬಾಯಿಬಿಟ್ಟು ಹೇಳದೆ ಮನೆಯವರಿಗೆ ತಿಳಿಯುವುದಿಲ್ಲ.

ಜಮಖಂಡಿ ತಾಲೂಕಿನ ಹುನ್ನೂರ ಮತ್ತು ಅದರ ಸುತ್ತಲಿನ ಊರುಗಳನ್ನೇ ನೋಡೋಣ. ಇದು ಕಬ್ಬಿನ ಸೀಮೆ. ರಬಕವಿ-ಬನಹಟ್ಟಿ ನೇಕಾರರ ನೆಲೆ. ಶಾಲೆ ಜೂನ್ ಹೊತ್ತಿಗೆ ಆರಂಭವಾಗುತ್ತದೆ. ದೀಪಾವಳಿಯ ಆಸುಪಾಸಿನಲ್ಲಿ ಕಬ್ಬು ನುರಿಸುವ ಹಂಗಾಮು ಬರುತ್ತದೆ. ಪರೀಕ್ಷೆಗೆ ಸಿದ್ಧರಾಗಬೇಕಾದ ತಿಂಗಳುಗಳಲ್ಲೇ ಹೊಲದಲ್ಲಿ ಕಟಾವು. ನೇಕಾರರ ಮನೆಯಲ್ಲಾದರೆ ಮಗ್ಗದ ಸದ್ದು, ಕಂಡಿಕೆ ಸುತ್ತುವ ಕೆಲಸ. ಬಿಡುವಿನಲ್ಲಿ ಮನೆಗೆ ಕೈ ಹಚ್ಚುವುದು ತಪ್ಪಲ್ಲ. ಆದರೆ ವಾರದ ಆರು ದಿನಗಳಲ್ಲಿ ಎರಡು ದಿನ ಶಾಲೆ ತಪ್ಪಿದರೆ ಹಾಜರಾತಿ ಶೇಕಡಾ 67ಕ್ಕೆ ಇಳಿಯುತ್ತದೆ. ಎಸ್.ಎಸ್.ಎಲ್.ಸಿ. ಪರೀಕ್ಷೆಗೆ ಕೂಡಲು ಬೇಕಾದದ್ದು ಶೇಕಡಾ 75. ಈ ಲೆಕ್ಕವನ್ನು ಮನೆಯಲ್ಲಿ ಬಿಡಿಸಿ ಹೇಳಬೇಕಾದವರು ನೀವು.

“ನಮ್ಮ ಅಪ್ಪ, ಅವ್ವ ಓದಿದವರಲ್ಲ. ಅವರೇನು ನೆರವಾದಾರು?” ಎಂದು ನಿಮ್ಮಲ್ಲಿ ಕೆಲವರು ಕೇಳಬಹುದು. ಅಮೆರಿಕದ ನ್ಯಾನ್ಸಿ ಹಿಲ್ ಮತ್ತು ಡಯಾನಾ ಟೈಸನ್ ಎಂಬ ಸಂಶೋಧಕರು 2009ರಲ್ಲಿ 50 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ಪರಿಶೀಲಿಸಿದರು. ಹದಿಹರೆಯದ ಹೊಸ್ತಿಲಲ್ಲಿರುವ ಮಕ್ಕಳ ಮನೆಗೆಲಸದಲ್ಲಿ ಪಾಲಕರು ಕೈಹಾಕುವುದಕ್ಕಿಂತ, ಓದಿನ ಬೆಲೆಯನ್ನೂ ಮುಂದಿನ ಗುರಿಯನ್ನೂ ಕುರಿತು ಮಕ್ಕಳೊಡನೆ ಮಾತನಾಡುವುದೇ ಒಳ್ಳೆಯ ಫಲಿತಾಂಶದೊಂದಿಗೆ ಹೆಚ್ಚು ಹೊಂದಿಕೊಂಡಿತ್ತು. ಇಂಥ ಮಾತಿಗೆ ಪದವಿ ಬೇಕಿಲ್ಲ.

ನಮ್ಮ ಹತ್ತಿರದ ಉದಾಹರಣೆಯೇ ಇದೆ. 2024ರ ಎಸ್.ಎಸ್.ಎಲ್.ಸಿ.ಯಲ್ಲಿ 625ಕ್ಕೆ 625 ಅಂಕ ಪಡೆದು ರಾಜ್ಯಕ್ಕೇ ಮೊದಲಿಗಳಾದವಳು ಮುಧೋಳ ತಾಲೂಕಿನ ಮೆಳ್ಳಿಗೇರಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯ ವಿದ್ಯಾರ್ಥಿನಿ, ಒಬ್ಬ ರೈತರ ಮಗಳು. ವಸತಿ ಶಾಲೆಯೆಂದ ಮೇಲೆ ತಾಯ್ತಂದೆಯರು ಪಕ್ಕದಲ್ಲಿ ಕುಳಿತು ಪಾಠ ಹೇಳಿಕೊಡುವಂತಿಲ್ಲ. ಮಗಳನ್ನು ಓದಲು ಕಳಿಸುವುದು, ಅವಳ ಮೇಲೆ ಭರವಸೆ ಇಡುವುದು, ಇವೇ ಅಲ್ಲಿ ಮನೆಯ ಕೊಡುಗೆ.

ಹಾಗಾದರೆ ನೀವು ಮನೆಯಲ್ಲಿ ಏನು ಕೇಳಬೇಕು? ಮೊದಲನೆಯದು, ವೇಳೆ. “ಅಪ್ಪಾ, ಪರೀಕ್ಷೆ ಮುಗಿಯೋತನಕ ಶಾಲಿ ಬಿಡಸಬ್ಯಾಡ್ರಿ, ರವಿವಾರ ಹೊಲಕ್ಕ ಬರ್ತೀನಿ” ಎಂದು ಕೇಳಿದರೆ ಅದು ಎದುರುತ್ತರವಲ್ಲ, ಒಪ್ಪಂದ. ಸಂಜೆ ಎರಡು ತಾಸು ಟಿ.ವಿ. ಬಂದ್ ಇರಲಿ, ಮೊಬೈಲು ಅವ್ವನ ಹತ್ತಿರ ಇರಲಿ. ರಾತ್ರಿ ಎಂಟು ತಾಸಿನ ನಿದ್ರೆಯೂ ನಿಮ್ಮ ವಯಸ್ಸಿಗೆ ಅಗತ್ಯ.

ಎರಡನೆಯದು, ಕೇಳುವ ಕಿವಿ. ಅಂದು ಕಲಿತ ಪಾಠವನ್ನು ಅವ್ವನಿಗೋ ಅಜ್ಜನಿಗೋ ನಿಮ್ಮ ಮಾತಿನಲ್ಲಿ ಹೇಳಿ. ಅವರಿಗೆ ಎಲ್ಲಿ ತಿಳಿಯಲಿಲ್ಲವೋ ಅಲ್ಲಿ ಬಹುಶಃ ನಿಮಗೂ ಪೂರ್ತಿ ತಿಳಿದಿಲ್ಲ. ಆ ಪುಟವನ್ನು ಮತ್ತೆ ತೆರೆಯಿರಿ.

ಮೂರನೆಯದು, ಧೈರ್ಯ. ಅಂಕ ಕಡಿಮೆ ಬಂದರೆ ಮುಚ್ಚಿಡಬೇಡಿ. 2024ರಿಂದ ಎಸ್.ಎಸ್.ಎಲ್.ಸಿ.ಗೆ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ; ಬರೆದವುಗಳಲ್ಲಿ ಹೆಚ್ಚು ಬಂದ ಅಂಕವನ್ನು ಉಳಿಸಿಕೊಳ್ಳಬಹುದು. ಇದನ್ನು ಪಾಲಕರಿಗೂ ತಿಳಿಸಿರಿ. ಬೈಗುಳ ಕಡಿಮೆಯಾದೀತು, ಹಾದಿ ಕಂಡೀತು.

ವಿದ್ಯಾರ್ಥಿನಿಯರಿಗೆ ಒಂದು ಮಾತು. “ಹತ್ತನೆಯದು ಆಯಿತು, ಇನ್ನು ಸಾಕು” ಎಂಬ ಮಾತು ಮನೆಯಲ್ಲಿ ಬರುವ ಮೊದಲೇ ನಿಮ್ಮ ಆಸೆಯನ್ನು ಹೇಳಿರಿ. ಕಾಲೇಜಿಗೆ ಹೋಗಿಬರುವ ಖರ್ಚು ಎಂದರೆ, 2023ರ ಜೂನ್‌ನಿಂದ ಶಕ್ತಿ ಯೋಜನೆಯಲ್ಲಿ ಸರಕಾರಿ ಬಸ್ಸಿನ ಪ್ರಯಾಣ ಮಹಿಳೆಯರಿಗೆ ಉಚಿತವೆಂದು ನೆನಪಿಸಿರಿ. ಮದುವೆಯ ಮಾತಾದರೆ, 18 ತುಂಬುವ ಮೊದಲು ಅದು ಕಾನೂನಿಗೆ ವಿರುದ್ಧ. ನಿಮ್ಮ ಮಾತು ನಡೆಯದಿದ್ದರೆ ಗುರುಗಳನ್ನು ಮನೆಗೆ ಕರೆತನ್ನಿ. 1098 ಸಂಖ್ಯೆಯ ಮಕ್ಕಳ ಸಹಾಯವಾಣಿಯೂ ಇದೆ.

ಹೊಲಕ್ಕೆ ನೀರು ಯಾವಾಗ ಬೇಕೆಂಬುದು ಬೆಳೆಯನ್ನು ನೋಡಿದರೆ ರೈತನಿಗೆ ತಿಳಿಯುತ್ತದೆ. ಮಕ್ಕಳ ಮನಸ್ಸು ಹಾಗೆ ಕಣ್ಣಿಗೆ ಕಾಣುವುದಿಲ್ಲ. ಆದ್ದರಿಂದ ಇಂದು ರಾತ್ರಿ ಊಟಕ್ಕೆ ಕುಳಿತಾಗಲೇ ಮಾತು ಆರಂಭಿಸಿರಿ. ನಿಮಗೆ ಶುಭವಾಗಲಿ.