ಕುಟುಂಬ ಯೋಜನೆ: ಹೊಣೆ ಪತ್ನಿಯದು ಮಾತ್ರವೇ?

(ಮುಂಡರಗಿಯಲ್ಲಿ ಪುರುಷರನ್ನುದ್ದೇಶಿಸಿ ಮಾಡಿದ ಭಾಷಣದ ಸಾರ)



ಮಕ್ಕಳು ಅಲ್ಲಾಹನ ಕೊಡುಗೆ ಎಂಬುದರಲ್ಲಿ ಎರಡು ಮಾತಿಲ್ಲ. ಆದರೆ ಕುಟುಂಬ ಯೋಜನೆಯ ಮಾತೆತ್ತಿದೊಡನೆ ಪುರುಷರಾದ ನಾವು ಧರ್ಮವನ್ನು ಮುಂದಿಟ್ಟು ಮೌನ ತಾಳುತ್ತೇವೆ. ಕೊನೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವವಳು ಪತ್ನಿ.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ದೇಶದ ವಿವಾಹಿತ ಮಹಿಳೆಯರಲ್ಲಿ ಶೇ. 37.9 ಮಂದಿ ಸಂತಾನಹರಣ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದಾರೆ. ಪತಿಯೇ ಅದಕ್ಕೊಳಗಾದ ಪ್ರಮಾಣ ಶೇ. 0.3 ಮಾತ್ರ. ಕರ್ನಾಟಕದಲ್ಲಿ ಮಹಿಳೆಯರ ಪಾಲು ಶೇ. 57ನ್ನು ದಾಟಿದೆ. 1976ರಲ್ಲಿ, ತುರ್ತು ಪರಿಸ್ಥಿತಿಯ ಕಾಲದಲ್ಲಿ, ನಡೆದ ಬಲಾತ್ಕಾರವು ಪುರುಷರಲ್ಲಿ ಭೀತಿ ಹುಟ್ಟಿಸಿದ್ದು ನಿಜ. ಅದರ ಬೆಲೆಯನ್ನು ಇಂದಿಗೂ ಮಹಿಳೆಯೇ ತೆರುವುದು ನ್ಯಾಯವೇ?

ಪ್ರವಾದಿವರ್ಯರ(ಸ) ಕಾಲದಲ್ಲಿ ಸಹಾಬಿಗಳು 'ಅಝ್ಲ್' ಪಾಲಿಸುತ್ತಿದ್ದರೆಂದು ಜಾಬಿರ್(ರ) ವರದಿ ಮಾಡಿರುವುದು ಬುಖಾರಿ, ಮುಸ್ಲಿಮ್ ಎರಡರಲ್ಲೂ ಇದೆ. ಅಝ್ಲ್ ಎಂದರೆ ಗರ್ಭ ನಿಲ್ಲದಂತೆ ಪುರುಷನು ವಹಿಸುವ ಎಚ್ಚರಿಕೆ. ಅದಕ್ಕೂ ಪತ್ನಿಯ ಸಮ್ಮತಿ ಬೇಕೆಂದು ಅನೇಕ ಧರ್ಮಶಾಸ್ತ್ರಜ್ಞರು ಹೇಳಿದ್ದಾರೆ. ಹೆರಿಗೆಯ ಅಪಾಯದಿಂದ ಪತ್ನಿಯ ಜೀವ ರಕ್ಷಿಸುವುದನ್ನು ಇಮಾಮ್ ಗಝಾಲಿಯವರು ಸಕಾರಣವೆಂದು ಪರಿಗಣಿಸಿದ್ದಾರೆ. ಶಾಶ್ವತ ಸಂತಾನಹರಣವನ್ನು ಬಹುತೇಕ ವಿದ್ವಾಂಸರು ಒಪ್ಪುವುದಿಲ್ಲ. ಹಾಗಿರುವಾಗ ತನಗೆ ನಿಷಿದ್ಧವೆಂದು ಹಿಂಜರಿಯುವ ಪುರುಷನು ಪತ್ನಿಯ ಶಸ್ತ್ರಚಿಕಿತ್ಸೆಗೆ ಸಹಿ ಹಾಕುವುದೇಕೆ? ಧರ್ಮದ ನಿಯಮ ಇಬ್ಬರಿಗೂ ಒಂದೇ ಅಲ್ಲವೇ?

ತಾತ್ಕಾಲಿಕ ಸಾಧನವಾದ ನಿರೋಧ್ ಸರಕಾರಿ ಆಸ್ಪತ್ರೆಗಳಲ್ಲಿ ಉಚಿತವಾಗಿ ದೊರೆಯುತ್ತದೆ. ಅದನ್ನು ಬಳಸುವುದರಿಂದ ಪೌರುಷಕ್ಕೆ ಕುಂದಿಲ್ಲ. ಮಗುವಿಗೆ ಹಾಲು ಬಿಡಿಸುವ ವಿಷಯದಲ್ಲೇ ದಂಪತಿಗಳ ಸಮಾಲೋಚನೆಯನ್ನು ಕುರ್‌ಆನ್ (2:233) ಸೂಚಿಸಿರುವಾಗ, ಮಗುವನ್ನು ಪಡೆಯುವ ವಿಷಯದಲ್ಲಿ ಅದು ಇನ್ನೆಷ್ಟು ಅಗತ್ಯ! ಬಾಣಂತಿ ಚೇತರಿಸಿಕೊಳ್ಳುವ ಮುನ್ನವೇ ಮತ್ತೆ ಗರ್ಭಿಣಿಯಾದರೆ ತಾಯಿ, ಮಗು ಇಬ್ಬರೂ ಬಳಲುತ್ತಾರೆ. ಆದ್ದರಿಂದ ಈ ಮಾತುಕತೆಯನ್ನು ಪತಿಯೇ ಆರಂಭಿಸಲಿ.