ಬರುವುದೂ ಹೊರಡುವುದೂ ಆದ ಒಂದು ಧಾತು

‘ಬಂದು ತಲಪು’ ಎನ್ನಲು ಸ್ಪ್ಯಾನಿಷ್ ಭಾಷೆಯಲ್ಲಿ ‘ಯೆಗಾರ್’ ಎಂಬ ಕ್ರಿಯಾಪದವಿದೆ. ‘ಹೊರಡು’ ಎನ್ನಲು ರೊಮೇನಿಯನ್ ಭಾಷೆಯಲ್ಲಿ ‘ಪ್ಲೆಕಾ’ ಎಂಬುದಿದೆ. ಕಿವಿಗೆ ನಂಟಿಲ್ಲದಂತೆ ಕೇಳುವ, ಅರ್ಥದಲ್ಲಿ ಎದುರುಬದುರಾಗಿ ನಿಲ್ಲುವ ಈ ಎರಡೂ ಹುಟ್ಟಿದ್ದು ‘ಮಡಿಸು’ ಎಂಬ ಅರ್ಥದ ‘ಪ್ಲಿಕಾರೆ’ ಎಂಬ ಒಂದೇ ಲ್ಯಾಟಿನ್ ಪದದಿಂದ. ರೋಮನ್ ಸಾಮ್ರಾಜ್ಯದ ಆಡುಮಾತಿನ ಲ್ಯಾಟಿನ್ ಪ್ರಾಂತಕ್ಕೊಂದು ಬಗೆಯಾಗಿ ಬೆಳೆದು ರೂಪುಗೊಂಡ ನುಡಿಗಳನ್ನು ರೋಮಾನ್ಸ್ ಭಾಷೆಗಳೆಂದು ಕರೆಯುತ್ತಾರೆ. ಅವುಗಳಲ್ಲಿ ಇಟಾಲಿಯನ್ನಿನ ‘ಪಿಯೆಗಾರೆ’ ಮತ್ತು ಫ್ರೆಂಚಿನ ‘ಪ್ಲಿಯೇ’ ಇಂದಿಗೂ ಮಡಿಸುವ ಅರ್ಥವನ್ನೇ ಹೊತ್ತಿವೆ.

ರೂಪಭೇದಕ್ಕೆ ಕಾರಣ ಧ್ವನಿನಿಯಮ, ಅಂದರೆ ಒಂದು ಭಾಷೆಯಲ್ಲಿ ಒಂದು ಉಚ್ಚಾರಣೆ ಪದಪದದಲ್ಲೂ ಒಂದೇ ತೆರನಾಗಿ ಬದಲಾಗುವ ಪ್ರವೃತ್ತಿ. ಹಳಗನ್ನಡದ ‘ಪಾಲ್’, ‘ಪಾವು’ಗಳು ‘ಹಾಲು’, ‘ಹಾವು’ಗಳಾದಂತೆ, ಪದಾದಿಯ ಲ್ಯಾಟಿನ್ ‘ಪ್ಲ’ಕಾರವು ಅನೇಕ ಪದಗಳಲ್ಲಿ ಸ್ಪ್ಯಾನಿಷಿನಲ್ಲಿ ‘ಯ’ದಂತೆಯೂ ಪೋರ್ಚುಗೀಸಿನಲ್ಲಿ ‘ಶ’ದಂತೆಯೂ ಕೇಳತೊಡಗಿತು. ಮಳೆ ಎಂಬರ್ಥದ ‘ಪ್ಲುವಿಯಾ’ ಅಲ್ಲಿ ‘ಯುವಿಯಾ’, ಇಲ್ಲಿ ‘ಶೂವಾ’ ಆಯಿತು. ಪ್ಲಿಕಾರೆಯೂ ಹಾಗೆಯೇ ‘ಯೆಗಾರ್’, ‘ಶೆಗಾರ್’ ಆಯಿತು. ರೊಮೇನಿಯನ್ ಆದರೋ ಫ್ರೆಂಚಿನಂತೆ ಹಳೆಯ ‘ಪ್ಲ’ವನ್ನು ಬಿಡಲಿಲ್ಲ.

ಅರ್ಥದ ಕಥೆ ಇದಕ್ಕಿಂತ ಸ್ವಾರಸ್ಯಕರ. ನಾವಿಕರು ದಡ ಸೇರಿದಾಗ ಹಾಯಿ ಮಡಿಸುತ್ತಿದ್ದರು, ಆದ್ದರಿಂದ ಮಡಿಸುವುದೇ ತಲಪುವುದಾಯಿತು ಎಂಬ ವಿವರಣೆ ಬಹುಪ್ರಚಲಿತವಾದರೂ ಲ್ಯಾಟಿನ್ ಗ್ರಂಥಗಳ ಸಾಕ್ಷ್ಯ ಬೇರೊಂದು ದಾರಿಯನ್ನು ತೋರಿಸುತ್ತದೆ. ‘ಕಡೆಗೆ’ ಎಂಬ ಅರ್ಥದ ಉಪಸರ್ಗ ಸೇರಿ ಆದ ‘ಅಪ್ಲಿಕಾರೆ’ಗೆ ‘ತಾಗಿಸು, ಹತ್ತಿರ ತರು’ ಎಂಬ ಅರ್ಥವಿದ್ದು, ಅದು ಹಡಗನ್ನು ದಡಕ್ಕೆ ತರುವುದಕ್ಕೂ ಬಳಕೆಯಾಗುತ್ತಿತ್ತು. ವರ್ಜಿಲನ ‘ಈನೀಡ್’ ಮಹಾಕಾವ್ಯದ ಮೊದಲ ಸರ್ಗದಲ್ಲಿ ಕಥಾನಾಯಕ ಈನಿಯಸನನ್ನು ತನ್ನ ತೀರಕ್ಕೆ ತಂದ ಶಕ್ತಿ ಯಾವುದೆಂದು ದಿಡೊ ರಾಣಿ ಕೇಳುವುದು ಈ ಪದದಿಂದಲೇ. 4ನೆಯ ಶತಮಾನದ ಕೊನೆಯ ಭಾಗದಲ್ಲಿ ಪವಿತ್ರ ಸ್ಥಳಗಳ ಯಾತ್ರೆ ಮಾಡಿದ ಎಜೀರಿಯಾ ಎಂಬ ಮಹಿಳೆ ತನ್ನ ಬರಹದಲ್ಲಿ ಉಪಸರ್ಗವಿಲ್ಲದ ಪ್ಲಿಕಾರೆಯನ್ನೇ ‘ಸಮೀಪಿಸು’ ಎಂಬ ಅರ್ಥದಲ್ಲಿ, ನೆಲದ ಮೇಲಿನ ಪಯಣಕ್ಕೂ ಬಳಸಿದ್ದಾಳೆ. ಸಮುದ್ರದ ಪದ ನೆಲಕ್ಕೆ ಇಳಿದದ್ದು ಹೀಗೆ.

ರೊಮೇನಿಯನ್ನಿನ ‘ಹೊರಡು’ ಅರ್ಥಕ್ಕೆ ರೋಮನ್ ಸೈನಿಕರು ಡೇರೆ ಮಡಿಸಿ ಪಾಳೆಯ ಬಿಡುತ್ತಿದ್ದುದು ಕಾರಣವೆಂದು ಹಲವರು ಹೇಳುತ್ತಾರೆ. ಗಂಟುಮೂಟೆ ಕಟ್ಟುವುದೆಂದರೆ ಹೊರಡುವುದೇ ಎಂದು ಬಲ್ಲ ಕನ್ನಡಿಗರಿಗೆ ಇದು ಸಹಜವಾಗಿ ಕಂಡರೂ ಹಡಗಿನ ಅರ್ಥಕ್ಕಿರುವಂತಹ ಗ್ರಂಥಾಧಾರದ ಬಲ ಇದಕ್ಕಿಲ್ಲವಾದ್ದರಿಂದ ಇದನ್ನು ಊಹೆಯೆಂದೇ ಎಣಿಸಬೇಕು. ಅದೇ ಪದಕ್ಕೆ ಅಲ್ಲಿ ‘ಬಾಗು, ತಲೆತಗ್ಗಿಸು’ ಎಂಬ ಅರ್ಥವೂ ಉಳಿದಿರುವುದನ್ನು ನೋಡಿದರೆ, ಒಂದು ದಿಕ್ಕಿಗೆ ಬಾಗುವುದರಿಂದ ಆ ದಿಕ್ಕಿಗೆ ನಡೆಯುವ ಅರ್ಥ ಬಂದಿರುವ ಸಾಧ್ಯತೆಯನ್ನೂ ತಳ್ಳಿಹಾಕುವಂತಿಲ್ಲ.

ಫ್ರೆಂಚರು ತಲಪುವುದಕ್ಕೆ ಹೇಳುವ ‘ಅರಿವೇ’ ಕೂಡ ನೀರಿನಂಚಿನದೇ. ಅದರೊಳಗಿರುವುದು ‘ದಡ’ ಎಂಬ ಅರ್ಥದ ‘ರೀಪಾ’ ಎಂಬ ಲ್ಯಾಟಿನ್ ಪದ. ಹಡಗನ್ನು ದಡಕ್ಕೆ ತಂದ ಆ ಅಪ್ಲಿಕಾರೆಯಾದರೋ ಇಂಗ್ಲಿಷಿನ ಮೂಲಕ ಕನ್ನಡನಾಡನ್ನೂ ತಲಪಿದೆ: ಇಲ್ಲಿನ ಕಚೇರಿಗಳಲ್ಲಿ ದಿನವೂ ಕೇಳಿಬರುವ ‘ಅಪ್ಲಿಕೇಷನ್’ ಅದರಿಂದಲೇ ಹುಟ್ಟಿದ ಪದ.